ರೇವಾ ಸೋತಿತು, ರೋಡ್‌ಸ್ಟರ್ ಗೆದ್ದಿತು: ಕರೆಂಟ್ ಕಾರಿನ ವೇಗದ ಲೆಕ್ಕ

ಫೋನಿನಲ್ಲಿ ರೀಲ್ಸ್ ನೋಡುವ ಅಭ್ಯಾಸ ಇರುವವರಿಗೆ ಈ ದೃಶ್ಯ ಗೊತ್ತೇ ಇರುತ್ತದೆ. ಒಂದು ಕಡೆ ಗುಡುಗುಟ್ಟುವ ಪೆಟ್ರೋಲ್ ರೇಸ್ ಕಾರು, ಇನ್ನೊಂದು ಕಡೆ ಸದ್ದೇ ಇಲ್ಲದ ಕರೆಂಟ್ ಕಾರು. ಹಸಿರು ದೀಪ ಹತ್ತಿದ್ದೇ ತಡ, ಸದ್ದಿಲ್ಲದ್ದು ಬಾಣದ ಹಾಗೆ ಹೋಗಿಬಿಡುತ್ತದೆ. ಗುಡುಗಿದ್ದು ಹಿಂದೆ ಉಳಿಯುತ್ತದೆ.

ನೋಡಿದವರಲ್ಲಿ ಎರಡು ಪಂಗಡ. "ಇನ್ನು ಪೆಟ್ರೋಲ್ ಕಾಲ ಮುಗೀತು ಬಿಡಿ" ಅನ್ನುವವರು ಒಂದು. "ಇದೆಲ್ಲ ಕೋಟಿ ಇದ್ದವರ ಆಟ, ಇದರಿಂದ ಯಾವ ಪರಿಸರ ಉಳೀತದೆ?" ಅನ್ನುವವರು ಇನ್ನೊಂದು. ಎರಡೂ ಮಾತಿನಲ್ಲಿ ಹುರುಳಿದೆ. ಯಾವುದು ಎಷ್ಟು ಸರಿ ಅಂತ ತೂಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ 125 ವರ್ಷಕ್ಕೂ ಹಿಂದೆ.

1899ರ ಏಪ್ರಿಲ್ ಕೊನೆಯ ಹೊತ್ತು. ಫ್ರಾನ್ಸಿನ ಪ್ಯಾರಿಸ್ ನಗರದ ಹೊರಗೆ ಅಶೇರ್ ಎಂಬಲ್ಲಿ ನೇರವಾದ ಒಂದು ರಸ್ತೆ. ಅಲ್ಲಿಗೆ ಕಮೀಲ್ ಜೆನಾಟ್ಜಿ ಎಂಬ ಕೆಂಪು ಗಡ್ಡದ ಬೆಲ್ಜಿಯಂ ದೇಶದ ಮನುಷ್ಯ ವಿಚಿತ್ರವಾದ ಗಾಡಿಯೊಂದನ್ನು ತಂದ. ನಾಲ್ಕು ಚಕ್ರದ ಮೇಲೆ ಮದ್ದುಗುಂಡು ಮಲಗಿಸಿದ ಹಾಗಿತ್ತು ಅದು. ಗಾಳಿ ಸೀಳಿಕೊಂಡು ಹೋಗಲಿ ಅಂತ ಆ ಆಕಾರ. ಆದರೆ ಓಡಿಸುವವನು ಕೂರುವುದು ಮಾತ್ರ ಆ ಗುಂಡಿನ ಮೇಲೆ, ಎದೆಯಿಂದ ಮೇಲಕ್ಕೆ ಪೂರ್ತಿ ಗಾಳಿಗೆ ಒಡ್ಡಿಕೊಂಡು! ಗಾಡಿಯ ಹೆಸರು 'ಲಾ ಜಮೇ ಕೊಂತಾಂತ್'. 'ಎಂದಿಗೂ ತೃಪ್ತಿಯಿಲ್ಲದವಳು' ಅಂತ ಅರ್ಥ. ಒಂದು ಕಿಲೋಮೀಟರನ್ನು ಆತ 34 ಸೆಕೆಂಡಿನಲ್ಲಿ ದಾಟಿದ. ಗಂಟೆಗೆ 105.88 ಕಿಲೋಮೀಟರ್ ವೇಗ. ರಸ್ತೆಯ ಮೇಲೆ ಓಡುವ ಗಾಡಿಯೊಂದು 100 ದಾಟಿದ್ದು ಅದೇ ಮೊದಲು.

ಅದು ಪೆಟ್ರೋಲ್ ಗಾಡಿ ಅಲ್ಲ. ಎರಡು ಮೋಟಾರು, ಒಂದಷ್ಟು ಸೀಸದ ಬ್ಯಾಟರಿ. ಅಷ್ಟೇ ಅಲ್ಲ, ಅದಕ್ಕೂ ಮುಂಚೆ ದಾಖಲೆ ಮಾಡಿದ್ದ ಗಾಡಿಗಳೂ ಕರೆಂಟಿನವೇ. 1898ರ ಡಿಸೆಂಬರಿನಲ್ಲಿ ಗಾಸ್ತೋಂ ದ ಶಾಸಲೂ-ಲೋಬಾ ಎಂಬ ಸಿರಿವಂತ ಕೌಂಟ್ ಗಂಟೆಗೆ 63 ಕಿಲೋಮೀಟರ್ ಓಡಿಸಿದ. ಅಲ್ಲಿಂದ ಮುಂದಿನ ನಾಲ್ಕೈದು ತಿಂಗಳು ಇವನದನ್ನು ಅವನು, ಅವನದನ್ನು ಇವನು ಮುರಿದದ್ದೇ ಮುರಿದದ್ದು. ಇದು ಬರೀ ಹುಚ್ಚು ಪಂದ್ಯ ಅಂದುಕೊಳ್ಳಬೇಡಿ. ಹಿಂದೆ ವ್ಯಾಪಾರವಿತ್ತು. ಕೌಂಟ್ ಓಡಿಸಿದ್ದು ಜಾಂತೋ ಎಂಬ ತಯಾರಕನ ಗಾಡಿ. ಜೆನಾಟ್ಜಿ ತಾನೇ ತಯಾರಕ. ಇಬ್ಬರಿಗೂ ಪ್ಯಾರಿಸ್ಸಿನಲ್ಲಿ ಕುದುರೆ ಗಾಡಿಯ ಜಾಗಕ್ಕೆ ತಮ್ಮ ಕರೆಂಟ್ ಗಾಡಿ ಬರಬೇಕಿತ್ತು. ವೇಗ ತೋರಿಸಿದರೆ ಗಿರಾಕಿ ಬರುತ್ತಾನೆ ಎಂಬ ನಂಬಿಕೆ. ಇವತ್ತಿನ ರೀಲ್ಸಿನ ಹಿಂದಿರುವುದೂ ಅದೇ ನಂಬಿಕೆ.

ಗಿರಾಕಿ ಬಂದನೇ? ಒಂದಷ್ಟು ದಿನ ಬಂದ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ಗಾಡಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರೆಂಟಿನವು. ಪೆಟ್ರೋಲಿನವು ಅದಕ್ಕಿಂತ ಕಡಿಮೆ. ಆಮೇಲೆ ಲೆಕ್ಕ ತಿರುಗಿತು. 1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ತಂದ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಕಂಡುಹಿಡಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಹ್ಯಾಂಡಲ್ ಹಾಕಿ ತಿರುಗಿಸಿ ಕೈ ಮುರಿದುಕೊಳ್ಳುವ ಕಷ್ಟ ತಪ್ಪಿತು. ಆ ವರ್ಷದ ಹೊತ್ತಿಗೆ ಅಮೆರಿಕದಲ್ಲಿ ಪೆಟ್ರೋಲ್ ಕಾರು ಸುಮಾರು 650 ಡಾಲರಿಗೆ ಸಿಗುತ್ತಿದ್ದರೆ ಕರೆಂಟ್ ಕಾರಿಗೆ 1,750 ಡಾಲರ್. ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ, ಪೆಟ್ರೋಲ್ ಡಬ್ಬದಲ್ಲಿ ಹೋಗುತ್ತಿತ್ತು. ಮುಗಿಯಿತು. ಫೋರ್ಡ್‌ನ ಹೆಂಡತಿ ಕ್ಲಾರಾ ಮಾತ್ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕರೆಂಟ್ ಕಾರಿನಲ್ಲೇ ಓಡಾಡುತ್ತಿದ್ದರು ಅನ್ನುವುದು ಬೇರೆ ಮಾತು.

ಅಂದರೆ ಮೊದಲ ಸುತ್ತಿನಲ್ಲಿ ವೇಗ ಗೆದ್ದಿತು, ಗಾಡಿ ಸೋತಿತು. ಜನ ಕೇಳಿದ್ದು "ಎಷ್ಟು ಜೋರಾಗಿ ಹೋಗುತ್ತದೆ" ಅಂತಲ್ಲ. "ಎಷ್ಟು ದೂರ ಹೋಗುತ್ತದೆ, ಎಷ್ಟು ದುಡ್ಡು, ನಮ್ಮೂರಲ್ಲಿ ತುಂಬಿಸಿಕೊಳ್ಳಲು ಆಗುತ್ತದಾ" ಅಂತ. ಈ ಮೂರು ಪ್ರಶ್ನೆಗೆ ಅಶೇರ್ ರಸ್ತೆಯ ಓಟದಲ್ಲಿ ಉತ್ತರ ಇರಲಿಲ್ಲ. ಜೆನಾಟ್ಜಿಯ ಕಥೆಯೂ ಚೆನ್ನಾಗಿ ಮುಗಿಯಲಿಲ್ಲ. 1913ರಲ್ಲಿ ಬೇಟೆಗೆ ಹೋದಾಗ ಗೆಳೆಯರನ್ನು ತಮಾಷೆ ಮಾಡಲು ಪೊದೆಯ ಹಿಂದೆ ಕೂತು ಪ್ರಾಣಿಯ ಹಾಗೆ ಕೂಗಿದ. ಅವರು ನಿಜವಾದ ಪ್ರಾಣಿ ಅಂದುಕೊಂಡು ಗುಂಡು ಹಾರಿಸಿದರು.

ಮುಂದಿನ ಎಪ್ಪತ್ತು ವರ್ಷ ಈ ಕಥೆಯಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಕರೆಂಟ್ ಗಾಡಿ ಅಂದರೆ ಗಾಲ್ಫ್ ಮೈದಾನದಲ್ಲಿ ಮುದುಕರು ಓಡಿಸುವುದು, ಇಂಗ್ಲೆಂಡಿನಲ್ಲಿ ಬೆಳಗ್ಗೆ ಮನೆಮನೆಗೆ ಹಾಲು ಹಾಕುವುದು, ಅಷ್ಟೇ. ನಿಧಾನ, ಬಡಪಾಯಿ, ನಗೆಪಾಟಲು. ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

1987ರಿಂದ ಕಥೆ ಮತ್ತೆ ಚುರುಕಾಗುತ್ತದೆ. ಆ ವರ್ಷ ಆಸ್ಟ್ರೇಲಿಯಾದಲ್ಲಿ ಬಿಸಿಲಿನಿಂದ ಓಡುವ ಕಾರುಗಳ ಮೊದಲ ದೊಡ್ಡ ಪಂದ್ಯ ನಡೆಯಿತು. ಉತ್ತರದ ಡಾರ್ವಿನ್‌ನಿಂದ ದಕ್ಷಿಣದ ಅಡಿಲೇಡ್‌ವರೆಗೆ ಸುಮಾರು 3,000 ಕಿಲೋಮೀಟರ್. ಗೆದ್ದದ್ದು ಜನರಲ್ ಮೋಟಾರ್ಸ್ ಕಂಪನಿಯ ಸನ್‌ರೇಸರ್. ಅದರ ವಿದ್ಯುತ್ ಯಂತ್ರಾಂಗ ಮಾಡಿದವರಲ್ಲಿ ಅಲನ್ ಕೊಕೋನಿ ಎಂಬ ಎಂಜಿನಿಯರ್ ಇದ್ದರು. ಮೂರು ವರ್ಷದ ನಂತರ ಅದೇ ಪಂದ್ಯಕ್ಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಹುಡುಗರ ತಂಡವೊಂದು ಹೋಯಿತು. ಅದರಲ್ಲಿ ಬೆಂಗಳೂರಿನ ಹುಡುಗ ಚೇತನ್ ಮೈನಿ ಇದ್ದರು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ. ಇಬ್ಬರೂ ಬಿಸಿಲ ಕಾರಿನ ಮೇಲೆ ಕೆಲಸ ಕಲಿತರು. ಆಮೇಲೆ ಒಬ್ಬರು ಪೂರ್ವಕ್ಕೆ ಹೋದರು, ಇನ್ನೊಬ್ಬರು ಪಶ್ಚಿಮಕ್ಕೆ.

ಮೈನಿ ಅವರ ಲೆಕ್ಕ ಸರಳ. ನಗರದ ಓಡಾಟಕ್ಕೆ ದೊಡ್ಡ ಕಾರು ಯಾಕೆ? 1994ರಲ್ಲಿ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ ರೇವಾ ಕಂಪನಿ ಕಟ್ಟಿದವು. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಕಾರು ಮಾರಾಟಕ್ಕೆ ಬಂತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಎಂಟು ಸೀಸದ ಬ್ಯಾಟರಿ. ಮನೆಯ 15 ಆಂಪ್ ಪ್ಲಗ್ಗಿಗೆ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಚಾರ್ಜ್. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್. ವೇಗದ ಸುದ್ದಿ ಎತ್ತಲೇಬೇಡಿ. ಬೈಕಿನ ಹುಡುಗರು ನಕ್ಕೊಂಡು ಹಿಂದೆ ಹಾಕುತ್ತಿದ್ದರು.

ಈ ಪುಟ್ಟ ಗಾಡಿ ಲಂಡನ್ನಿಗೂ ಹೋಯಿತು. ಅಲ್ಲಿ ಅದರ ಹೆಸರು ಜಿ-ವಿಜ್. 2003ರಿಂದ ಲಂಡನ್ ನಗರದ ನಡುಭಾಗಕ್ಕೆ ಕಾರು ತರುವವರು ದಿನವೂ ಶುಲ್ಕ ಕಟ್ಟಬೇಕಿತ್ತು. ಕರೆಂಟ್ ಗಾಡಿಗೆ ವಿನಾಯಿತಿ. ಹಾಗಾಗಿ ಬ್ರಿಟನ್ನಿನಲ್ಲಿ ಸುಮಾರು ಸಾವಿರ ರೇವಾ ಮಾರಾಟವಾದವು. ಒಂದು ಕಾಲಕ್ಕೆ ಲಂಡನ್ನಿನ ಬೀದಿಯಲ್ಲಿ ಕಾಣುತ್ತಿದ್ದ ಕರೆಂಟ್ ಕಾರು ಅಂದರೆ ಬೊಮ್ಮಸಂದ್ರದಿಂದ ಹೋದದ್ದೇ. ಆದರೆ ಅಲ್ಲಿನ 'ಟಾಪ್ ಗೇರ್' ಎಂಬ ಹೆಸರಾಂತ ಟಿವಿ ಕಾರ್ಯಕ್ರಮದವರು ಇದನ್ನು ಗೇಲಿ ಮಾಡಿ ಮಾಡಿ ಇಟ್ಟರು. ಗೇಲಿಯಲ್ಲಿ ಸ್ವಲ್ಪ ಸತ್ಯವೂ ಇತ್ತು ಅನ್ನಿ. ಯುರೋಪಿನ ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, 'ಕ್ವಾಡ್ರಿಸೈಕಲ್', ಅಂದರೆ ನಾಲ್ಕು ಚಕ್ರದ ಹಗುರ ಗಾಡಿ. ಕಾರಿಗೆ ಬೇಕಾದ ಅಪಘಾತ ಪರೀಕ್ಷೆಯ ನಿಯಮ ಅದಕ್ಕೆ ಅನ್ವಯಿಸುತ್ತಿರಲಿಲ್ಲ.

ಇನ್ನು ಪಶ್ಚಿಮದ ಕಥೆ. ಸನ್‌ರೇಸರ್ ಗೆದ್ದ ಹುಮ್ಮಸ್ಸಿನಲ್ಲಿ ಜನರಲ್ ಮೋಟಾರ್ಸ್ 1990ರಲ್ಲಿ ಇಂಪ್ಯಾಕ್ಟ್ ಎಂಬ ಮಾದರಿ ತೋರಿಸಿತು. ಅದರಲ್ಲೂ ಕೊಕೋನಿ ಅವರ ಕೈಯಿತ್ತು. ಅದನ್ನು ನೋಡಿದ ಕ್ಯಾಲಿಫೋರ್ನಿಯಾ ಸರ್ಕಾರ "ಇಷ್ಟು ಸಾಧ್ಯವಿದ್ದರೆ 1998ಕ್ಕೆ ನೂರಕ್ಕೆ ಎರಡು ಕಾರು ಹೊಗೆಯಿಲ್ಲದ್ದು ಮಾರಲೇಬೇಕು" ಎಂಬ ನಿಯಮ ತಂದಿತು. ಕಂಪನಿ ಇವಿ1 ಎಂಬ ಕಾರನ್ನು 1,117ರಷ್ಟು ಮಾಡಿತು. ಮಾರಲಿಲ್ಲ, ಗುತ್ತಿಗೆಗೆ ಮಾತ್ರ ಕೊಟ್ಟಿತು. ನಿಯಮ ಸಡಿಲವಾದ ಮೇಲೆ ಎಲ್ಲವನ್ನೂ ವಾಪಸ್ ಪಡೆದು ಬಹುಪಾಲನ್ನು ಪುಡಿ ಮಾಡಿಸಿತು. ಓಡಿಸಿದವರು "ನಾವು ದುಡ್ಡು ಕೊಟ್ಟು ಕೊಳ್ಳುತ್ತೇವೆ" ಅಂದರೂ ಕೊಡಲಿಲ್ಲ.

ಕೊಕೋನಿ ಅಷ್ಟರಲ್ಲಿ ಎಸಿ ಪ್ರೊಪಲ್ಷನ್ ಎಂಬ ಸಣ್ಣ ಕಂಪನಿ ಕಟ್ಟಿಕೊಂಡಿದ್ದರು. 1997ರಲ್ಲಿ ಅವರು 'ಟಿ-ಜೀರೊ' ಎಂಬ ಹಳದಿ ರೇಸ್ ಕಾರು ಮಾಡಿದರು. ಸೀಸದ ಬ್ಯಾಟರಿ ಹೊತ್ತೂ ಅದು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಗಂಟೆಗೆ 60 ಮೈಲಿ ಮುಟ್ಟುತ್ತಿತ್ತು. ಒಟ್ಟು ಮಾಡಿದ್ದು ಮೂರೇ ಮೂರು. 2003ರಲ್ಲಿ ಮಾರ್ಟಿನ್ ಎಬರ್‌ಹಾರ್ಡ್ ಎಂಬವರ ಒತ್ತಾಯದ ಮೇಲೆ ಸೀಸ ತೆಗೆದು ಲ್ಯಾಪ್‌ಟಾಪಿಗೆ ಬಳಸುವ ಲಿಥಿಯಂ ಸೆಲ್ಲುಗಳನ್ನು ಸಾವಿರಾರು ಲೆಕ್ಕದಲ್ಲಿ ಜೋಡಿಸಿ ನೋಡಿದರು. ತೂಕ ಇಳಿಯಿತು, ಓಡುವ ದೂರ ಏರಿತು. ಅದೇ ವರ್ಷ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಸೇರಿ ಟೆಸ್ಲಾ ಕಂಪನಿ ಶುರು ಮಾಡಿದರು. ಎಲಾನ್ ಮಸ್ಕ್ ದುಡ್ಡು ಹಾಕಿ ಒಳಗೆ ಬಂದದ್ದು 2004ರಲ್ಲಿ.

2008ರಲ್ಲಿ ಟೆಸ್ಲಾದ ರೋಡ್‌ಸ್ಟರ್ ಬಂತು. ಒಳಗೆ 6,831 ಸೆಲ್ಲುಗಳು. ಒಂದೊಂದೂ ರಿಮೋಟಿಗೆ ಹಾಕುವ ಪೆನ್ಸಿಲ್ ಸೆಲ್ಲಿಗಿಂತ ತುಸು ದಪ್ಪ, ತುಸು ಉದ್ದ. ಒಮ್ಮೆ ಚಾರ್ಜ್ ಮಾಡಿದರೆ 390 ಕಿಲೋಮೀಟರ್ ಎಂದು ಲೆಕ್ಕ. ಬೆಲೆ ಒಂದು ಲಕ್ಷ ಡಾಲರಿಗೂ ಹೆಚ್ಚು. 2006ರಲ್ಲೇ ಮಸ್ಕ್ ತಮ್ಮ ಯೋಜನೆ ಬಹಿರಂಗವಾಗಿ ಬರೆದಿದ್ದರು. ಮೊದಲು ಸಿರಿವಂತರಿಗೆ ರೇಸ್ ಕಾರು, ಆ ದುಡ್ಡಿನಿಂದ ಸ್ವಲ್ಪ ಅಗ್ಗದ ಕಾರು, ಅದರ ದುಡ್ಡಿನಿಂದ ಇನ್ನೂ ಅಗ್ಗದ ಕಾರು. ಮೇಲಿನ ಗದ್ದೆಗೆ ನೀರು ಬಿಟ್ಟರೆ ಹರಿದು ಕೆಳಗಿನ ಗದ್ದೆಗೂ ಬರುತ್ತದೆ ಎಂಬ ಲೆಕ್ಕಾಚಾರ.

ಇಲ್ಲೊಂದು ತಮಾಷೆ ನೋಡಿ. ರೋಡ್‌ಸ್ಟರ್ ಒಟ್ಟು ಮಾರಾಟವಾದದ್ದು ಸುಮಾರು 2,450. ರೇವಾ ಮಾರಾಟವಾದದ್ದು ನಾಲ್ಕು ಸಾವಿರ ಚಿಲ್ಲರೆ. ತಲೆ ಎಣಿಸಿದರೆ ಬೊಮ್ಮಸಂದ್ರದ ಬಡಪಾಯಿಯೇ ಮುಂದೆ! ಆದರೂ ಜಗತ್ತಿನ ಬಾಯಲ್ಲಿ ಉಳಿದದ್ದು ರೋಡ್‌ಸ್ಟರ್. ರೇವಾವನ್ನು 2010ರಲ್ಲಿ ಮಹೀಂದ್ರ ಕಂಪನಿ ಕೊಂಡುಕೊಂಡಿತು.

ಯಾಕೆ ಹೀಗಾಯಿತು? ಮುಖ್ಯ ಕಾರಣ ಮರ್ಯಾದೆ. ಕರೆಂಟ್ ಗಾಡಿ ಅಂದರೆ ಕಷ್ಟಪಟ್ಟು ಸಹಿಸಿಕೊಳ್ಳಬೇಕಾದ ಪಥ್ಯದ ಊಟ ಅನ್ನುವ ಭಾವನೆ ಇತ್ತು. ರೇವಾ ಆ ಭಾವನೆಯನ್ನು ಗಟ್ಟಿ ಮಾಡಿತು, ರೋಡ್‌ಸ್ಟರ್ ಮುರಿಯಿತು. ದೊಡ್ಡ ಕಂಪನಿಗಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಇವಿ1 ಪುಡಿ ಮಾಡಿದ ಜನರಲ್ ಮೋಟಾರ್ಸ್‌ನಲ್ಲಿ ಆಗ ದೊಡ್ಡ ಹುದ್ದೆಯಲ್ಲಿದ್ದ ಬಾಬ್ ಲಟ್ಜ್, ಸಣ್ಣ ಟೆಸ್ಲಾ ಮಾಡುತ್ತಿರುವುದನ್ನು ನೋಡಿಯೇ ತಾವು ವೋಲ್ಟ್ ಎಂಬ ಬ್ಯಾಟರಿ ಕಾರಿಗೆ ಒತ್ತಾಯ ಮಾಡಿದ್ದಾಗಿ ಹೇಳಿಕೊಂಡರು. ಟೆಸ್ಲಾ 2012ಕ್ಕೆ ಮಾಡೆಲ್ ಎಸ್ ತಂದಿತು, 2017ಕ್ಕೆ ಮಾಡೆಲ್ 3. ಆಮೇಲೆ ಬಂದ ಮಾಡೆಲ್ ವೈ 2023ರಲ್ಲಿ ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು. ಪೆಟ್ರೋಲ್, ಡೀಸೆಲ್ ಎಲ್ಲ ಸೇರಿಸಿಕೊಂಡು. ಹಾಗಾಗಿ ವೇಗದ ಕಾರು ಏನೂ ಮಾಡಲಿಲ್ಲ ಅನ್ನುವುದನ್ನು ನಾವು ಒಪ್ಪುವುದಿಲ್ಲ.

ಆದರೆ ಎಲ್ಲ ಕೀರ್ತಿಯನ್ನೂ ಅದಕ್ಕೇ ಕಟ್ಟುವುದನ್ನೂ ಒಪ್ಪುವುದಿಲ್ಲ. ಮೇಲಿನ ಗದ್ದೆಯ ನೀರು ಎಲ್ಲಿಂದ ಬಂತು ಕೇಳಿ. ಲಿಥಿಯಂ ಬ್ಯಾಟರಿಯನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಸೋನಿ ಕಂಪನಿ. ಕಾರಿಗಲ್ಲ, ವಿಡಿಯೊ ಕ್ಯಾಮೆರಾದಂಥ ಸಣ್ಣ ಸಾಮಾನಿಗೆ. ಆಮೇಲೆ ಲ್ಯಾಪ್‌ಟಾಪ್, ಆಮೇಲೆ ಫೋನು. ಕೋಟಿಗಟ್ಟಲೆ ಜನ ಸಣ್ಣ ಸಣ್ಣ ಸಾಮಾನು ಕೊಂಡದ್ದರಿಂದ ಸೆಲ್ಲಿನ ಬೆಲೆ ಇಳಿಯಿತು. ರೋಡ್‌ಸ್ಟರ್ ಹುಟ್ಟುವುದಕ್ಕೆ ಮುಂಚೆಯೇ ಅದರ ಸೆಲ್ಲು ಲ್ಯಾಪ್‌ಟಾಪಿನಲ್ಲಿ ಇತ್ತು. ಇವತ್ತು ಕರೆಂಟ್ ಕಾರಿನಲ್ಲಿ ಟೆಸ್ಲಾಗೆ ಎದೆಕೊಟ್ಟು ನಿಂತಿರುವ ಚೀನಾದ ಬಿವೈಡಿ ಕಂಪನಿ 1995ರಲ್ಲಿ ಶುರುವಾದದ್ದು ಬ್ಯಾಟರಿ ಮಾಡಲು. ಮುಂದೆ ಅದು ಬೆಳೆದದ್ದು ಮೊಬೈಲ್ ಫೋನಿನ ಬ್ಯಾಟರಿಯಿಂದ. ನೀವು ಈಗ ಈ ಬರಹ ಓದುತ್ತಿರುವ ಫೋನೂ ಆ ಸಾಲಿನಲ್ಲಿ ಬರುತ್ತದೆ.

ಬಿವೈಡಿಯ ಊರಾದ ಶೆಂಜೆನ್ 2017ರ ಕೊನೆಯ ಹೊತ್ತಿಗೆ ತನ್ನ 16,000ಕ್ಕೂ ಹೆಚ್ಚು ಸಿಟಿ ಬಸ್ಸುಗಳನ್ನೆಲ್ಲ ಕರೆಂಟಿಗೆ ಬದಲಿಸಿತು. ಬಸ್ಸಿನಲ್ಲಿ ಯಾರೂ ನಾಲ್ಕು ಸೆಕೆಂಡಿಗೆ 100 ಮುಟ್ಟುವುದಿಲ್ಲ. ಆದರೆ ಆ ಬಸ್ಸುಗಳು ಗಟ್ಟಿ ಬಾಳಿಕೆಯ, ಅಗ್ಗದ ಬ್ಯಾಟರಿಗೆ ದೊಡ್ಡ ಗಿರಾಕಿಯಾದವು. 2020ರಲ್ಲಿ ಚೀನಾದಲ್ಲೇ ವೂಲಿಂಗ್ ಹೋಂಗ್‌ಗ್ವಾಂಗ್ ಮಿನಿ ಎಂಬ ಬೆಂಕಿಪೊಟ್ಟಣದಂಥ ಕಾರು ಬಂತು. ನೋಡಿದರೆ ರೇವಾದ ತಮ್ಮನ ಹಾಗಿದೆ. 9.3 ಯೂನಿಟ್ ಬ್ಯಾಟರಿ, ಗಂಟೆಗೆ 100ರ ಮೇಲೆ ಓಡುವುದಿಲ್ಲ. ಅಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ರೇವಾ ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ, ಸೀಸದ ಬ್ಯಾಟರಿ ಕೈಕೊಟ್ಟಿತ್ತು ಅಷ್ಟೇ.

ಯೂನಿಟ್ ಅಂದೆವಲ್ಲ, ಅದು ನಿಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. ಬ್ಯಾಟರಿಯ ಗಾತ್ರ ಅಳೆಯುವುದೂ ಅದರಲ್ಲೇ. 2010ರ ಸುಮಾರಿಗೆ ಒಂದು ಯೂನಿಟ್ ಹಿಡಿಸುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗಿಂತ ಹೆಚ್ಚು ಬೀಳುತ್ತಿತ್ತು. 2024ರಲ್ಲಿ ಸರಾಸರಿ 115 ಡಾಲರ್.

ಇನ್ನು ಪರಿಸರದ ಲೆಕ್ಕಕ್ಕೆ ಬರೋಣ. ಇಲ್ಲಿ ತುಂಬಾ ಜನ ಒಂದು ಸಂಗತಿ ಕಲಸಿಬಿಡುತ್ತಾರೆ. ಕರೆಂಟ್ ಕಾರು ಚುರುಕಾಗಿರುವುದು ಅದರ ಹುಟ್ಟುಗುಣ. ನಮ್ಮ ಹಳೆಯ ಡೀಸೆಲ್ ಎಂಜಿನ್ ಪಂಪ್ ನೆನಪಿಸಿಕೊಳ್ಳಿ. ಹ್ಯಾಂಡಲ್ ತಿರುಗಿಸಿ, ಅದು ಕೆಮ್ಮಿ, ಏದುಸಿರು ಬಿಟ್ಟು ವೇಗಕ್ಕೆ ಬಂದ ಮೇಲೆ ಕೆಲಸ. ಕರೆಂಟ್ ಮೋಟಾರಿಗೆ ಸ್ವಿಚ್ ಹಾಕಿದ ಗಳಿಗೆಯಿಂದಲೇ ಶಕ್ತಿ. ಪೆಟ್ರೋಲ್ ಕಾರಿಗೆ ದೊಡ್ಡ ಎಂಜಿನ್ ಹಾಕಿದರೆ ಸುಮ್ಮನೆ ನಿಧಾನ ಓಡಿಸಿದಾಗಲೂ ಎಣ್ಣೆ ಕುಡಿಯುತ್ತದೆ. ಕರೆಂಟಿನಲ್ಲಿ ಹಾಗಿಲ್ಲ. ದೊಡ್ಡ ಮೋಟಾರು ಇದ್ದರೂ ನಿಧಾನಕ್ಕೆ ಓಡಿಸಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಬ್ರೇಕ್ ಹಾಕಿದಾಗ ಒಂದಷ್ಟು ಶಕ್ತಿ ಬ್ಯಾಟರಿಗೆ ವಾಪಸ್ಸೂ ಬರುತ್ತದೆ. ನಿಜವಾಗಿ ವೇಗಕ್ಕೆ ದಂಡ ಹಾಕುವುದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು.

ಹಾಗಾದರೆ ತೊಂದರೆ ಎಲ್ಲಿ? ಬ್ಯಾಟರಿಯ ಗಾತ್ರದಲ್ಲಿ, ಗಾಡಿಯ ತೂಕದಲ್ಲಿ. ಕಣ್ಣು ಮುಚ್ಚಿ ಬಿಡುವುದರೊಳಗೆ 100 ಮುಟ್ಟಬೇಕು, ಜೊತೆಗೆ ದೂರವೂ ಹೋಗಬೇಕು ಅಂದರೆ ದೊಡ್ಡ ಬ್ಯಾಟರಿ ಬೇಕು. ದೊಡ್ಡ ಬ್ಯಾಟರಿ ಅಂದರೆ ತೂಕ. ತೂಕ ಎಳೆಯಲು ಇನ್ನಷ್ಟು ಬ್ಯಾಟರಿ. ಜನರಲ್ ಮೋಟಾರ್ಸ್ 2021ರ ಕೊನೆಗೆ ಹಮ್ಮರ್ ಹೆಸರಿನ ಕರೆಂಟ್ ಪಿಕಪ್ ತಂದಿತು. ತೂಕ ನಾಲ್ಕು ಟನ್ನಿಗೂ ಮೇಲೆ. ಬ್ಯಾಟರಿಯೊಂದೇ 1,300 ಕಿಲೊ ದಾಟುತ್ತದೆ, ಒಂದು ಇಡೀ ಕಾರಿನ ತೂಕ! ಇಷ್ಟಾಗಿ ಮೂರು ಸೆಕೆಂಡಿನ ಓಟವೂ ಇದೆ. ಹಿಂದೆ ಹಗುರವಾದ ಇವಿ1 ಪುಡಿ ಮಾಡಿದ ಕಂಪನಿ ಇದು ಅನ್ನುವುದನ್ನು ಮರೆಯಬೇಡಿ. ಹೊಗೆ ಬರುವುದಿಲ್ಲ ನಿಜ. ಆದರೆ ಅದಕ್ಕೆ ತುಂಬುವ ಕರೆಂಟು, ಅದರ ಲೋಹ, ಅದು ಸವೆಸುವ ಟೈರು ಎಲ್ಲವೂ ಎಲ್ಲಿಂದಲೋ ಬರಬೇಕು.

ಈ ಮಾತು ಮನಸ್ಸಿಗೆ ಇಳಿಯುವುದು ರೇವಾದ ಮುಂದಿನ ಕಥೆ ನೋಡಿದಾಗ. ಮಹೀಂದ್ರದವರು ರೇವಾ ಕೊಂಡ ಮೇಲೆ ಆ ಕಂಪನಿ ಮಹೀಂದ್ರ ಎಲೆಕ್ಟ್ರಿಕ್ ಆಯಿತು. 2018ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಟ್ರಿಯೊ ಎಂಬ ಇ-ಆಟೊ ಬಿಡುಗಡೆ ಮಾಡಿತು. ಬ್ಯಾಟರಿ 7.37 ಯೂನಿಟ್, ಲಿಥಿಯಂದು. ವೇಗ ಗಂಟೆಗೆ 55. ಅದೇ ಮಹೀಂದ್ರ ಸಮೂಹ ಇಟಲಿಯ ಪಿನಿನ್‌ಫರಿನಾ ಎಂಬ ಹೆಸರಾಂತ ಕಾರು ವಿನ್ಯಾಸ ಮನೆತನವನ್ನೂ ಕೊಂಡುಕೊಂಡಿತ್ತು. ಟ್ರಿಯೊ ಬಂದ ನಾಲ್ಕೇ ತಿಂಗಳಿಗೆ, 2019ರ ಮಾರ್ಚಿನಲ್ಲಿ, ಜಿನೀವಾದ ಕಾರು ಮೇಳದಲ್ಲಿ ಬತ್ತಿಸ್ತಾ ಎಂಬ ಕರೆಂಟ್ ಕಾರು ತೋರಿಸಿತು. ಆ ಮನೆತನದ ಹಿರಿಯನ ಹೆಸರೇ ಅದಕ್ಕೆ. 1,900 ಎಚ್‌ಪಿ. ನಮ್ಮ ತೋಟದ 5 ಎಚ್‌ಪಿ ಪಂಪ್‌ಸೆಟ್ 380 ಸೇರಿಸಿದಷ್ಟು. 100 ಮುಟ್ಟಲು ಎರಡು ಸೆಕೆಂಡೂ ಬೇಡ. ಬೆಲೆ ಸುಮಾರು 20 ಲಕ್ಷ ಯೂರೊ, ನಮ್ಮ ದುಡ್ಡಿನಲ್ಲಿ 15 ಕೋಟಿಗೂ ಮೇಲೆ. ಮಾಡುವುದೇ 150 ಎಂದು ಹೇಳಿದ್ದರು. ಬ್ಯಾಟರಿ 120 ಯೂನಿಟ್.

ಒಂದೇ ಮನೆಯ ಎರಡು ಮಕ್ಕಳು. ಒಂದು ಬತ್ತಿಸ್ತಾದ ಬ್ಯಾಟರಿಯಲ್ಲಿ 16 ಟ್ರಿಯೊ ಆಟೊ ಓಡುತ್ತವೆ. ಬತ್ತಿಸ್ತಾ ವರ್ಷಕ್ಕೆ ಎಷ್ಟು ದಿನ ಗ್ಯಾರೇಜಿನಿಂದ ಹೊರಗೆ ಬರುತ್ತದೋ ಅದರ ಯಜಮಾನನಿಗೇ ಗೊತ್ತು. ಆಟೊ ದಿನಾ ಬೆಳಗ್ಗೆ ಹೊರಡಬೇಕು, ಹೊರಡದಿದ್ದರೆ ಮನೆ ನಡೆಯುವುದಿಲ್ಲ. ಹಾಗೆ ಓಡುವ ಪ್ರತಿ ಕಿಲೋಮೀಟರೂ ಉಳಿದ ಪೆಟ್ರೋಲು, ಉಳಿದ ಗ್ಯಾಸು. ನಿಂತ ಬ್ಯಾಟರಿಯಿಂದ ಗಾಳಿ ಶುದ್ಧವಾಗುವುದಿಲ್ಲ.

ಲೋಹದ ಲೆಕ್ಕವೂ ಹೀಗೇ. ಒಂದು ಯೂನಿಟ್ ಬ್ಯಾಟರಿಗೆ ಅಂದಾಜು 100 ಗ್ರಾಂ ಲಿಥಿಯಂ ಹಿಡಿಯುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಭಾಗದಲ್ಲಿ ಲಿಥಿಯಂ ಸಿಕ್ಕಿದೆ ಅಂತ 2020ರಲ್ಲಿ ಸುದ್ದಿಯಾಗಿದ್ದು ನಿಮಗೆ ನೆನಪಿರಬಹುದು. ಮೊದಲು 14,100 ಟನ್ ಅಂದರು. ಆಮೇಲೆ ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಹೇಳಿದ ಅಂದಾಜು 1,600 ಟನ್. ಅಷ್ಟನ್ನೂ ಒಂದು ಚೂರೂ ಬಿಡದೆ ತೆಗೆದೆವು ಅಂತಲೇ ಇಟ್ಟುಕೊಳ್ಳಿ, ಹಾಗೆ ತೆಗೆಯಲು ಆಗುವುದಿಲ್ಲ, ಮಾತಿಗೆ ಹೇಳುತ್ತಿದ್ದೇವೆ. ಅದರಲ್ಲಿ ಬತ್ತಿಸ್ತಾದಂಥ ಕಾರು ಮಾಡಿದರೆ ಒಂದು ಲಕ್ಷ ಮೂವತ್ಮೂರು ಸಾವಿರ. ಮೂರು ಯೂನಿಟ್ಟಿನ ಸ್ಕೂಟರ್ ಮಾಡಿದರೆ ಐವತ್ಮೂರು ಲಕ್ಷ. ಅಗೆಯುವ ಗುಂಡಿ ಒಂದೇ. ಗುಂಡಿಯ ಪಕ್ಕದ ಹೊಲ, ಬಾವಿ, ದನದ ಹಾದಿ ಯಾರದು ಎಂಬ ಪ್ರಶ್ನೆಯೂ ಒಂದೇ. ಚಿಲಿ ದೇಶದ ಅಟಕಾಮ ಉಪ್ಪುಬಯಲಿನ ಸುತ್ತಲ ಊರವರು ಲಿಥಿಯಂ ತೆಗೆಯುವವರ ಜೊತೆ ನೀರಿಗಾಗಿ ಜಗಳ ಆಡುತ್ತಲೇ ಇದ್ದಾರೆ.

ಮೇಲಿನ ಗದ್ದೆಯ ನೀರು ಕೆಳಗೆ ಬರುತ್ತದೆ ಅಂದಿದ್ದರಲ್ಲ, ನಮ್ಮ ದೇಶದವರೆಗೆ ಎಷ್ಟು ಬಂತು? ಟೆಸ್ಲಾ 2025ರ ಜುಲೈನಲ್ಲಿ ಮುಂಬಯಿಯಲ್ಲಿ ಮಳಿಗೆ ತೆರೆಯಿತು. ಮಾಡೆಲ್ ವೈ ಬೆಲೆ ಸುಮಾರು 60 ಲಕ್ಷ. ಆಮದು ಸುಂಕ ಸೇರಿ ಅಷ್ಟಾಗಿದೆ, ಆದರೂ 60 ಲಕ್ಷ. ಅದಕ್ಕೂ ಮುಂಚೆಯೇ ಇಲ್ಲಿ ಏನಾಗಿತ್ತು ನೋಡಿ. 2023-24ರಲ್ಲಿ ದೇಶದಲ್ಲಿ ಸುಮಾರು 17 ಲಕ್ಷ ಕರೆಂಟ್ ಗಾಡಿ ಮಾರಾಟವಾದವು. ಅದರಲ್ಲಿ ಕಾರು ಒಂದು ಲಕ್ಷವೂ ಇಲ್ಲ. ಮಿಕ್ಕಿದ್ದು ಬಹುಪಾಲು ಸ್ಕೂಟರ್ ಮತ್ತು ಮೂರು ಚಕ್ರದ್ದು. ಉತ್ತರದ ಊರುಗಳಲ್ಲಿ ಇ-ರಿಕ್ಷಾ ಹಬ್ಬಿದ್ದಕ್ಕೆ ಯಾವ ರೇಸ್ ಕಾರೂ ಕಾರಣ ಅಲ್ಲ. ಸೀಸದ ಬ್ಯಾಟರಿ ಹಾಕಿಕೊಂಡು, ಲೈಸೆನ್ಸು ಇದೆಯೋ ಇಲ್ಲವೋ ನೋಡದೆ, ಹೊಟ್ಟೆಪಾಡಿಗೆ ಶುರುವಾದದ್ದು ಅದು. ನಮ್ಮಲ್ಲಿ ಸ್ಕೂಟರಿನ ವಿಷಯದಲ್ಲಿ ಮಾತ್ರ ಟೆಸ್ಲಾ ದಾರಿ ಸ್ವಲ್ಪ ಕಾಣುತ್ತದೆ. ಬೆಂಗಳೂರಿನ ಏಥರ್ 2018ರಲ್ಲಿ ತನ್ನ 450 ಸ್ಕೂಟರನ್ನು ಬಿಟ್ಟಾಗ ಅದು ದುಬಾರಿ, ಚುರುಕು, ಹುಡುಗರಿಗೆ ಇಷ್ಟವಾಗುವಂಥದ್ದು. "ಕರೆಂಟ್ ಸ್ಕೂಟರ್ ದಿಬ್ಬ ಹತ್ತಲ್ಲ" ಅನ್ನುವ ಮಾತು ನಿಂತದ್ದು ಅಂಥವುಗಳಿಂದ.

ನಮ್ಮ ತೀರ್ಮಾನ ಇಷ್ಟು. 2008ರಿಂದ ಒಂದು ಹತ್ತು ವರ್ಷ ವೇಗದ ಕಾರು ಬಾಗಿಲು ತಟ್ಟುವ ಕೆಲಸ ಮಾಡಿತು, ಅದು ಬೇಕಿತ್ತು. ಬಾಗಿಲು ತೆರೆದಾಗಿದೆ. ಈಗ ಕರೆಂಟ್ ಗಾಡಿ ಜೋರಾಗಿ ಓಡುತ್ತದಾ ಅಂತ ಯಾರೂ ಅನುಮಾನಪಡುತ್ತಿಲ್ಲ. ಜನರ ಅನುಮಾನ ಮತ್ತೆ 1912ರದ್ದೇ: ಎಷ್ಟು ದುಡ್ಡು, ಎಷ್ಟು ದೂರ, ನಮ್ಮೂರಲ್ಲಿ ಚಾರ್ಜ್ ಮಾಡೋದು ಎಲ್ಲಿ. ಈ ಮೂರಕ್ಕೂ 1,900 ಎಚ್‌ಪಿಯಲ್ಲಿ ಉತ್ತರ ಇಲ್ಲ. ಸಿರಿವಂತರು ತಮ್ಮ ದುಡ್ಡಿನಲ್ಲಿ ತಮಗೆ ಬೇಕಾದ್ದು ಕೊಂಡರೆ ನಾವು ತಕರಾರು ಮಾಡುವವರಲ್ಲ, ಪೆಟ್ರೋಲ್ ಕುಡಿಯುವ ಲಂಬೋರ್ಗಿನಿಗಿಂತ ಅದು ವಾಸಿಯೇ. ತಕರಾರು ಇರುವುದು ಅದಕ್ಕೆ ಹಸಿರು ಅನ್ನುವ ಹೆಸರಿನಲ್ಲಿ ಎಲ್ಲರ ದುಡ್ಡು ಹೋದಾಗ.

ಅದು ಹೋಗುತ್ತಿತ್ತು ಕೂಡ. ನಮ್ಮ ರಾಜ್ಯದಲ್ಲೇ. ಕರ್ನಾಟಕ ಸರ್ಕಾರ 2016ರಲ್ಲಿ ಕರೆಂಟ್ ಗಾಡಿಗಳಿಗೆಲ್ಲ ರಸ್ತೆ ತೆರಿಗೆ ಮನ್ನಾ ಮಾಡಿತು. 2017ರಲ್ಲಿ ದೇಶದಲ್ಲೇ ಮೊದಲು ಕರೆಂಟ್ ಗಾಡಿಗಳಿಗೆಂದು ಒಂದು ನೀತಿಯನ್ನೂ ತಂದಿತು. ಒಳ್ಳೆಯ ಕೆಲಸವೇ. ಆದರೆ ಮನ್ನಾ ಮಾಡುವಾಗ ಸ್ಕೂಟರು, ಆಟೊ, ಕೋಟಿ ರೂಪಾಯಿಯ ರೇಸ್ ಕಾರು ಅಂತ ಭೇದ ಇರಲಿಲ್ಲ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ನೂರಕ್ಕೆ 18ರಂತೆ ಜೀವಾವಧಿ ತೆರಿಗೆ. ಆ ಲೆಕ್ಕದಲ್ಲಿ ಒಂದೂವರೆ ಕೋಟಿಯ ವಿದೇಶಿ ಕರೆಂಟ್ ಕಾರು ಕೊಂಡವರಿಗೆ ಉಳಿದದ್ದು 27 ಲಕ್ಷ. ನಾಲ್ಕು ಲಕ್ಷಕ್ಕೆ ಒಂದರಂತೆ ಆರು ಇ-ಆಟೊ ಕೊಂಡು ಮೇಲೆ ಮೂರು ಲಕ್ಷ ಮಿಗುತ್ತದೆ. 2024ರಲ್ಲಿ ಕಾಯ್ದೆ ತಿದ್ದುಪಡಿ ಮಾಡಿ, 25 ಲಕ್ಷ ಮೀರಿದ ಕರೆಂಟ್ ಗಾಡಿಗೆ ನೂರಕ್ಕೆ 10ರಂತೆ ತೆರಿಗೆ ಹಾಕಿದರು. "ಹಸಿರು ಸಾರಿಗೆಗೆ ಪೆಟ್ಟು" ಎಂಬ ಕೂಗು ಎದ್ದಿತು. ಲೆಕ್ಕ ಹಾಕಿ ನೋಡಿದರೆ, ಆ ಒಂದೂವರೆ ಕೋಟಿಯ ಕಾರಿಗೆ ಆ ತಿದ್ದುಪಡಿಯ ನಂತರವೂ ಪೆಟ್ರೋಲ್ ಕಾರಿಗಿಂತ 12 ಲಕ್ಷ ತೆರಿಗೆ ಕಡಿಮೆಯೇ ಬೀಳುತ್ತಿತ್ತು. 25 ಲಕ್ಷದ ಒಳಗಿನ ಸ್ಕೂಟರು, ಆಟೊ, ಸಣ್ಣ ಕಾರುಗಳನ್ನು ಆ ತಿದ್ದುಪಡಿ ಮುಟ್ಟಲಿಲ್ಲ.